ಅತ್ತಿಯ ಬೀಸೋ ಸಾಲಿ

ನಮ್ಮ ಅತ್ತಿ ಹಗಲುದರೋಡೆ ಮಾಡುತ್ತಿದ್ದಳು. ಅದೂ ವಿಜಾಪುರದ ಗಾಂಧಿ ಚೌಕದ ಮಗ್ಗುಲಲ್ಲಿ, ಬೆಳಬೆಳಗ್ಗೆ, ಬಾಗಿಲು ಹಾರು ಹೊಡೆದಿಟ್ಟುಕೊಂಡು! ದರೋಡೆಗೆ ಸಿಕ್ಕವರು ಪೊಲೀಸರ ಹತ್ತಿರ ಹೋಗುತ್ತಿರಲಿಲ್ಲ. ಮರುದಿನ ತಾವೇ ತಿರುಗಿ ಬರುತ್ತಿದ್ದರು, ಬರುವಾಗ ತಂಗಿಯನ್ನೋ ನಾದಿನಿಯನ್ನೋ ಕರೆದುಕೊಂಡು ಬರುತ್ತಿದ್ದರು. ನಂಬುವುದಿಲ್ಲವೇ? ಜಗತ್ತಿನಲ್ಲಿ ಎಲ್ಲ ಕಡೆಯೂ ಕೆಲಸ ಮಾಡಿದವರಿಗೆ ಪಗಾರ ಕೊಡುತ್ತಾರೆ. ನಮ್ಮ ಅತ್ತಿ ಕೆಲಸ ಮಾಡಿಸಿ, ಮಾಡಿದವರಿಂದಲೇ ಫೀ ತೆಗೆದುಕೊಳ್ಳುತ್ತಿದ್ದಳು. ಇದಕ್ಕೆ ಬೇರೆ ಹೆಸರಿದ್ದರೆ ನೀವೇ ಹೇಳಿ! ಈಗಿನವರು ಜಿಮ್ ಅನ್ನುತ್ತಾರಂತೆ. ನಾನು ಹೇಳುತ್ತಿರುವುದು ಹತ್ತೊಂಬತ್ತುನೂರಾ ಅರವತ್ತರ ಆಜೂಬಾಜಿನ ಮಾತು. ಆಗ ಆ ಶಬ್ದ ನಮ್ಮ ಕಡೆ ಇನ್ನೂ ಬಸ್ಸಿನಿಂದ ಇಳಿದಿರಲಿಲ್ಲ.

ಅತ್ತಿ ಅಂದರೆ ನನ್ನ ಗಂಡನ ಸೋದರತ್ತೆ. ತಿಕೋಟಾದಲ್ಲಿ ಒಬ್ಬಳೇ ಇದ್ದಳು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ, ಹೊಲ ಪಾಲಿಗೆ ಕೊಟ್ಟಿದ್ದಳು. ಹೊಸದಾಗಿ ಮದುವೆಯಾಗಿ ನಾನು ವಿಜಾಪುರಕ್ಕೆ ಬಂದಾಗ ನೋಡಲು ಬಂದ ನೆಂಟರೆಲ್ಲ "ಆರಾಮ ಅದೀ?" ಅಂತ ಕೇಳಿದರು. ಈಕೆ ಮಾತ್ರ ಏನೂ ಕೇಳದೆ ನನ್ನ ರಟ್ಟೆ ಹಿಡಿದು, ಸಂತೆಯಲ್ಲಿ ಬದನೆಕಾಯಿ ಒತ್ತಿ ನೋಡುವ ಹಾಗೆ ಒತ್ತಿ ನೋಡಿದಳು. ಆಮೇಲೆ ನನ್ನ ಗಂಡನ ಕಡೆ ತಿರುಗಿ, "ಹುಡುಗಿ ಚಲೋ ಅದಾಳ, ಆದ್ರ ಒಳಗ ಬರೇ ಹತ್ತಿ ತುಂಬ್ಯಾರ," ಅಂದಳು!

ಯಾರನ್ನು ಕಂಡರೂ ಅಷ್ಟೇ. ಒಮ್ಮೆ ನನ್ನ ಗಂಡನ ಕಚೇರಿಯ ಸಾಹೇಬರು ಚಹಾಕ್ಕೆ ಬಂದಿದ್ದರು. ಕೋಟು ಹಾಕಿದ ದೊಡ್ಡ ಮನುಷ್ಯರು. ನಾನು ಒಳಗಿನಿಂದ ಕಣ್ಣುಸನ್ನೆ ಮಾಡುತ್ತಲೇ ಇದ್ದೆ. ಅತ್ತಿ ನೆಟ್ಟಗೆ ಹೋಗಿ ಕೋಟಿನ ಮೇಲಿಂದಲೇ ಅವರ ತೋಳು ಹಿಚುಕಿ, "ಸಾಹೇಬ್ರ, ಕೋಟು ಭಾಳ ಗಟ್ಟಿ ಐತ್ರಿ," ಅಂದುಬಿಟ್ಟಳು. ನನ್ನ ಗಂಡ ಎರಡು ದಿನ ಕಚೇರಿಗೆ ಹೋಗಲು ಹೆದರಿದ. ಮೂರನೆಯ ದಿನ ಹೋದರೆ, ಸಾಹೇಬರು ಟಾಂಗಾ ಬಿಟ್ಟು ನಡೆದುಕೊಂಡು ಕಚೇರಿಗೆ ಬಂದಿದ್ದರಂತೆ!

ನಾವಿದ್ದದ್ದು ಚೌಕದ ಹಿಂದಿನ ಓಣಿಯ ಒಂದು ಹಳೆಯ ವಾಡೆಯಲ್ಲಿ. ನಮಗೆ ಎರಡು ಖೋಲಿ, ಮುಂದೆ ದೊಡ್ಡ ಅಂಗಳ, ಅಂಗಳದ ಮೂಲೆಗೊಂದು ಬಾವಿ. ವಾಡೆ ಪಕ್ಕದ ಬೆಲ್ಲದ ವ್ಯಾಪಾರಿಗಳ ಮನೆತನದ್ದು. ಆ ವರ್ಷ ಓಣಿಯ ತುದಿಗೆ ಕರೆಂಟಿನ ಹಿಟ್ಟಿನ ಗಿರಣಿ ಬಂತು. ಜೋಳ ಕೊಟ್ಟು ನಾಲ್ಕು ಮಾತಾಡುವುದರೊಳಗೆ ಬಿಸಿಬಿಸಿ ಹಿಟ್ಟು ಡಬ್ಬಿಯಲ್ಲಿ! ಓಣಿಯ ಹೆಂಗಸರಿಗೆಲ್ಲ ಹಬ್ಬ. ಅದೇ ಸುಮಾರಿಗೆ ತಿಕೋಟಾದ ಕಡೆಗೂ ಗಿರಣಿ ಬಂದು, ಮನೆಮನೆಯ ಬೀಸುಕಲ್ಲುಗಳು ಅಂಗಳಕ್ಕೆ ಬಿದ್ದವು. ಕನಮಡಿಯಲ್ಲಂತೂ ಒಬ್ಬರು ಬೀಸುಕಲ್ಲಿನ ಮೇಲಿನ ಹೋಳನ್ನು ಕೋಳಿಗೂಡಿನ ಬಾಗಿಲಿಗೆ ಆನಿಸಿಟ್ಟಿದ್ದನ್ನು ಅತ್ತಿ ಕಣ್ಣಾರೆ ಕಂಡಳು. ಅವಳಿಗೆ ತಡೆಯಲಾಗಲಿಲ್ಲ. ಕೆಲವರಿಂದ ಕೇಳಿ, ಕೆಲವರಿಂದ ಕೇಳದೆಯೇ ಎತ್ತಿಕೊಂಡು, ಒಂದು ಚಕ್ಕಡಿ ತುಂಬ ಬೀಸುಕಲ್ಲು ಹೇರಿಕೊಂಡು ನಮ್ಮ ವಾಡೆಯ ಮುಂದೆ ಬಂದಿಳಿದಳು.

"ಅತ್ತಿ, ಇವನ್ನೆಲ್ಲ ಏನ್ ಮಾಡೂದ್ರಿ?" ಅಂದೆ.

"ಸದ್ಯ ಇಳಸೂದು ಮಾಡು," ಅಂದಳು.

ಬೆಲ್ಲದ ವ್ಯಾಪಾರಿಯ ಹೆಂಡತಿ ಗೌರಕ್ಕ ದಿನಾ ಮಧ್ಯಾಹ್ನ ಹರಟೆಗೆ ಬರುತ್ತಿದ್ದಳು. ಒಳ್ಳೆಯ ಹೆಂಗಸು, ತೂಕವೂ ಒಳ್ಳೆಯದೇ. ನಮ್ಮ ಮನೆಯ ಮೂರು ಮೆಟ್ಟಿಲು ಏರುವಷ್ಟರಲ್ಲಿ ಮೂರು ಸಲ "ಶಿವಾ" ಅನ್ನುತ್ತಿದ್ದಳು. ಮೊಣಕಾಲಿಗೆ ಎಣ್ಣೆ, ಎದೆಗೆ ಕಷಾಯ, ಡಾಕ್ಟರ ಸೂಜಿ, ಎಲ್ಲ ಆಗಿತ್ತು. ಅತ್ತಿಗೆ ಕೈ ಸುಮ್ಮನಿಟ್ಟುಕೊಂಡು ಮಾತಾಡಲು ಬಾರದು. ಗೌರಕ್ಕನನ್ನು ಕಲ್ಲಿನ ಎದುರಿಗೆ ಕೂಡಿಸಿ, "ನೀ ಮಾತಾಡು, ಗೂಟ ಅಷ್ಟ ಹಿಡ್ಕೊ," ಅಂದಳು. ಗೂಟ ಹಿಡಿದ ಮೇಲೆ ಕಲ್ಲು ತಿರುಗಲೇಬೇಕಲ್ಲ! ಗೌರಕ್ಕ ಊರಿನ ಸುದ್ದಿ ಹೇಳುತ್ತ ಹೇಳುತ್ತ ಮೊದಲ ದಿನ ಒಂದು ಹಿಡಿ ಜೋಳ ಬೀಸಿದಳು, ವಾರಕ್ಕೆ ಒಂದು ಪಾವು, ತಿಂಗಳಿಗೆ ಒಂದು ಸೇರು. ಒಂದು ದಿನ ಮಾತಿನ ಭರದಲ್ಲಿ ಮೂರೂ ಮೆಟ್ಟಿಲು ಏರಿ ಬಂದು ಕುಳಿತಳು. ಆಮೇಲೆ ನೆನಪಾಗಿ ಎದೆ ಮುಟ್ಟಿಕೊಂಡು, "ಅಯ್ಯ, ದಮ್ಮು ಎಲ್ಲಿ ಹೋತು?" ಅಂತ ಹುಡುಕಿದಳು!

ಸುದ್ದಿ ಚೌಕಕ್ಕೆಲ್ಲ ಹಬ್ಬಿತು. ಅತ್ತಿ, "ಬರ್ರಿ, ಯಾರ ಬೇಕಾದ್ರೂ ಬಂದು ಬೀಸ್ರಿ, ಪುಕ್ಕಟೆ," ಅಂದಳು. ಒಂದು ನರಪಿಳ್ಳೆಯೂ ಬರಲಿಲ್ಲ. "ಪುಕ್ಕಟೆ ಬೀಸಾಕ ನಾವೇನ ಆಕಿ ಮನಿ ಆಳೇನು?" ಅಂದರಂತೆ ಬಟ್ಟೆ ಅಂಗಡಿಯವರ ಮನೆಯಲ್ಲಿ. ಅತ್ತಿ ಒಂದು ದಿನವೆಲ್ಲ ಯೋಚಿಸಿದಳು. ಮರುದಿನ ತಿಂಗಳಿಗಿಷ್ಟು ಫೀ ಅಂತ ಇಟ್ಟಳು, ಮುಂಗಡವಾಗಿಯೇ. ಆ ವಾರ ಹನ್ನೊಂದು ಮಂದಿ ಬಂದರು! ಫೀ ಕೊಟ್ಟು ಬೀಸಿದರೆ ಅದು ಕೂಲಿಯಲ್ಲ, ಔಷಧ. ಮನುಷ್ಯರ ತಲೆಯೊಳಗಿನ ಈ ಗೂಟ ಎಲ್ಲಿದೆ ಅಂತ ನಮ್ಮ ಅತ್ತಿಗೆ ಯಾರು ಹೇಳಿಕೊಟ್ಟಿದ್ದರೋ!

ಗೌರಕ್ಕನ ಗಂಡ ಅಂಗಡಿಯಲ್ಲಿ ಕುಳಿತು, "ಗಿರಣಿಯವ ರೊಕ್ಕ ತಗೊಂಡು ಬೀಸಿ ಕೊಡತಾನ, ಈ ಮುದುಕಿ ರೊಕ್ಕ ತಗೊಂಡು ಬೀಸಸತಾಳ! ವ್ಯಾಪಾರ ಅಂದ್ರ ಇದು," ಅಂತ ಗಿರಾಕಿಗಳ ಮುಂದೆ ಹೇಳಿ ಹೇಳಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಕಲ್ಲಿನ ಹಿಟ್ಟಿನ ರೊಟ್ಟಿ ಒಂದು ಸಲ ಬಾಯಿಗೆ ಬಿದ್ದ ಮೇಲೆ ನಗು ನಿಂತು, ಗೌರಕ್ಕ ಒಂದು ದಿನ ತಪ್ಪಿಸಿದರೆ ಅವರೇ, "ಇವತ್ತ ಸಾಲಿ ಇಲ್ಲೇನು?" ಅಂತ ಕೇಳತೊಡಗಿದರು. ಹಾಗೆ ಅದು ಬೀಸೋ ಸಾಲಿ ಆಯಿತು.

ಸಾಲಿ ಅಂದಮೇಲೆ ಶಿಸ್ತು ಬೇಡವೇ? ಬೆಳಗ್ಗೆ ಒಂದು ಪಾಳಿ, ಮಧ್ಯಾಹ್ನ ಒಂದು ಪಾಳಿ. ಮೊದಲು ಬಾವಿಯಿಂದ ಹತ್ತು ಕೊಡ ನೀರು ಸೇದಬೇಕು, ಆಮೇಲೆ ಕಲ್ಲು, ಕೊನೆಗೆ ಒನಕೆ. ಮಾತಾಡಬಹುದು, ಕೈ ನಿಲ್ಲಿಸಬಾರದು. ಓಣಿಯಲ್ಲಿ ಯಾರದೋ ಮಗಳು ಮನೆಯವರಿಗೆ ಹೇಳದೆ ಮದುವೆಯಾದ ದಿನ ಬೆಳಗಿನ ಪಾಳಿಯೊಂದರಲ್ಲೇ ಎರಡು ದಿನದ ಹಿಟ್ಟು ಬಿತ್ತು.

ಟಾಂಗಾದಲ್ಲಿ ಬರಕೂಡದು ಅನ್ನುವುದು ಇನ್ನೊಂದು ಕಾಯಿದೆ. ಇದರಿಂದ ಚೌಕದ ಟಾಂಗಾದವನ ಹೊಟ್ಟೆಗೆ ಏಟು ಬಿತ್ತು. ಅವನು ಒಂದು ಬೆಳಗ್ಗೆ ಚಾಬೂಕು ಹಿಡಿದೇ ಬಾಗಿಲಿಗೆ ಬಂದು ನಿಂತ.

"ಯವ್ವಾ, ನನ್ನ ಧಂದೆ ಮುಳಗಿಸಿದಿ. ನನ್ನ ಕುದುರಿ ಏನ್ ತಿನ್ನಬೇಕು?"

"ಹೆಂಗಸರು ನಡೀಲಿ, ಹಿಟ್ಟು ಯಾಕ ನಡೀಬೇಕು? ಡಬ್ಬಿ ನೀ ಹೇರ್ಕೊಂಡು ಹೋಗು," ಅಂದಳು ಅತ್ತಿ.

ಮರುದಿನದಿಂದ ಗಾಂಧಿ ಚೌಕದಲ್ಲಿ ಒಂದು ಮೆರವಣಿಗೆ ಶುರುವಾಯಿತು. ಮುಂದೆ ಟಾಂಗಾ, ಟಾಂಗಾದ ಸೀಟಿನ ಮೇಲೆ ಮದುಮಕ್ಕಳ ಹಾಗೆ ಹಿಟ್ಟಿನ ಡಬ್ಬಿಗಳು, ಹಿಂದೆ ಕಾಲ್ನಡಿಗೆಯಲ್ಲಿ ಊರಿನ ಶ್ರೀಮಂತರ ಹೆಂಡಂದಿರು! ಅಂಗಡಿಕಾರರು ತಕ್ಕಡಿ ಎತ್ತಿದ ಕೈ ಹಾಗೇ ಹಿಡಿದು ನೋಡುತ್ತಿದ್ದರು.

ಆರು ತಿಂಗಳಿಗೊಮ್ಮೆ ಪರೀಕ್ಷೆ. ಪರೀಕ್ಷೆ ಎಲ್ಲಿ? ಗೋಳಗುಮ್ಮಟದಲ್ಲಿ! ನಡುವೆ ಎಲ್ಲೂ ಕೂಡದೆ ಮೇಲಿನ ಗ್ಯಾಲರಿಯವರೆಗೆ ಏರಿದರೆ ಪಾಸು. ಗೌರಕ್ಕನ ಪರೀಕ್ಷೆಯ ದಿನ ಅವಳ ಅತ್ತೆಯೂ ಬಂದಳು. ಬೆಲ್ಲದ ಮನೆಯ ಆ ಹಿರಿಯಮ್ಮ ಮಡಿಯ ಹೆಂಗಸು, ಅರವತ್ತು ದಾಟಿದವಳು, ವರ್ಷದಲ್ಲಿ ಎಂಟು ತಿಂಗಳು "ನಡ ಹಿಡೀತು" ಅಂತ ಸೊಂಟ ಹಿಡಿದುಕೊಂಡು ಮಲಗಿಯೇ ಇರುವವಳು. ಸೊಸೆ ಏರುತ್ತಾಳೋ ಇಲ್ಲವೋ ನೋಡಬೇಕೆಂಬ ಹಟಕ್ಕೆ ಕೂತು ಎದ್ದು, ಕೂತು ಎದ್ದು, ಹೇಗೋ ಏರಿಬಿಟ್ಟಳು. ಮೇಲೆ ಹೋದ ಖುಷಿಯಲ್ಲಿ ಗೌರಕ್ಕ ಗ್ಯಾಲರಿಯ ಈ ತುದಿಯಲ್ಲಿ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು: "ನಮ್ಮತ್ತೀಗೆ ನಡ ಗಿಡ ಏನೂ ಇಲ್ಲವಾ, ಬರೇ ಸೋಗು." ಗೋಳಗುಮ್ಮಟದ ಗೋಡೆಯ ಗುಣ ನಿಮಗೆ ಗೊತ್ತೇ ಇದೆ. ಆ ತುದಿಯಲ್ಲಿ ಕುಳಿತ ಹಿರಿಯಮ್ಮನ ಕಿವಿಗೆ ಅದು ಒಂದಕ್ಷರ ಬಿಡದೆ ಹೋಗಿ ಮುಟ್ಟಿತು!

ಮನೆಯಲ್ಲಿ ಏನಾಗುತ್ತದೋ ಅಂತ ನಾವೆಲ್ಲ ನಡುಗಿದೆವು. ಮರುದಿನ ಬೆಳಗಿನ ಪಾಳಿಗೆ ಹಿರಿಯಮ್ಮ ಸ್ವತಃ ಬಂದು ನಿಂತಳು. "ಸೋಗು ಹಾಕಿ ಹಾಕಿ ನನಗೂ ಬ್ಯಾಸರಾಗೇತಿ. ನನ್ನ ಹೆಸರೂ ಬರ್ಕೊ," ಅಂದಳು.

ಇಷ್ಟು ಆದಮೇಲೆ ಅತ್ತಿಗೆ ಶಾಖೆ ತೆರೆಯುವ ಹುಚ್ಚು ಹತ್ತಿತು. ಬಬಲೇಶ್ವರದ ಸಂತೆಗೆ ಹೋಗಿ, ಒಂದು ಮರದ ಕೆಳಗೆ ಕಲ್ಲಿಟ್ಟುಕೊಂಡು ಕುಳಿತಳು. ನಾನೂ ಜೊತೆಗಿದ್ದೆ. ಹೊಲದ ಕೆಲಸದ ಹೆಂಗಸರು ಸುತ್ತ ನಿಂತು ಕೇಳಿದರು. ಕೇಳಿ, ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಅವರಲ್ಲಿ ಒಬ್ಬಳು, ಜೈನಾಪುರದಿಂದ ಬಂದ ನೀಲವ್ವ, ಮುಂದೆ ಬಂದಳು. ನನ್ನ ವಯಸ್ಸಿನವಳೇ ಇರಬೇಕು.

"ಯವ್ವಾ, ನಾ ಹೊತ್ತ ಹುಟ್ಟೂದರಾಗ ಎದ್ದು ನೀರು ತರತೇನಿ, ದಿನಾ ಹೊಲದಾಗ ಕಳೆ ತಗೀತೇನಿ, ಹೊರಿ ಹೊತ್ಕೊಂಡು ಬರತೇನಿ. ಇನ್ನ ನಿನ್ನ ಕಲ್ಲು ಬ್ಯಾರೆ ತಿರುಗಸಲೇನು?" ಅಂದವಳೇ ಅತ್ತಿಯ ರಟ್ಟೆ ಹಿಡಿದು ಒತ್ತಿ ನೋಡಿದಳು! "ಪ್ಯಾಟಿ ಸೇರಿ ನೀನ ಮೆತ್ತಗ ಆಗೀದಿ ನೋಡು."

ಯಾರ ರಟ್ಟೆಯನ್ನೂ ಬಿಡದ ಅತ್ತಿಯ ರಟ್ಟೆಯನ್ನು ಯಾರೂ ಅದುವರೆಗೆ ಮುಟ್ಟಿರಲಿಲ್ಲ. ಅತ್ತಿ ಆ ಜಾಗವನ್ನು ತಾನೇ ಇನ್ನೊಮ್ಮೆ ಒತ್ತಿ ನೋಡಿಕೊಂಡು, "ಹೌದು ಬೇ, ನಿಮಗ ಬೇಕಾದ್ದು ಇದಲ್ಲ," ಅಂದಳು. ಮುಂದಿನ ಸಂತೆಗೆ ಕಲ್ಲು ಒಯ್ಯಲಿಲ್ಲ, ನಾಲ್ಕು ಚಾಪೆ ಒಯ್ದಳು. ಸಂತೆಗೆ ಬಂದ ಕೂಲಿ ಹೆಂಗಸರನ್ನು ಮಧ್ಯಾಹ್ನ ಒಂದು ತಾಸು ಸಾಲಾಗಿ ಮಲಗಿಸಿ, ಕಾಲು ಮರದ ಕಟ್ಟೆಗೆ ಎತ್ತಿಡಿಸಿ, "ಸುಮ್ಮ ಇರ್ರಿ, ಏಳಬ್ಯಾಡ್ರಿ," ಅಂತ ಕಾವಲು ಕುಳಿತಳು. ಪೇಟೆಯ ಹೆಂಗಸರಿಗೆ ದುಡಿಯುವ ಸಾಲಿ, ಹಳ್ಳಿಯ ಹೆಂಗಸರಿಗೆ ಮಲಗುವ ಸಾಲಿ! ಇದಕ್ಕೆ ಮಾತ್ರ ಫೀ ಇಲ್ಲ. ಗಂಡಸರು ಬಂದು ನೋಡಿ, "ಇದೇನ ಹೊಸಾ ರೋಗೋ?" ಅಂತ ಗಾಬರಿಯಾಗಿ ಹೋದರು.

ಹೀಗೆ ಪರಿಚಯವಾದ ನೀಲವ್ವನನ್ನು ಅತ್ತಿ ವಿಜಾಪುರಕ್ಕೆ ಕರೆತಂದು ಸಾಲಿಯ ಮಾಸ್ತರು ಮಾಡಿದಳು, ತಿಂಗಳ ಪಗಾರದ ಮೇಲೆ. ನೀಲವ್ವ ವಿಜಾಪುರದಲ್ಲೇ ಇದ್ದ ತನ್ನ ಅಕ್ಕನ ಮನೆಯಲ್ಲಿ ಉಳಿದು ದಿನಾ ಬರುತ್ತಿದ್ದಳು. ಮೊದಲ ದಿನ ಬಾಯಾರಿದೆ ಅಂದಾಗ ನಾನು ಒಳಗೆ ಹೋಗಿ, ಯಾವ ಲೋಟ ತೆಗೆದುಕೊಳ್ಳಲಿ ಅಂತ ಒಂದು ಗಳಿಗೆ ನಿಂತೆ. ಒಂದೇ ಗಳಿಗೆ. ಹೊರಗೆ ಬಂದಾಗ ಅವಳು, "ಇರಲಿ ಬಿಡ್ರಿ ಅಕ್ಕಾರ, ನಾ ನೀರ ತಂದೇನಿ," ಅಂತ ತನ್ನ ತಂಬಿಗೆಯಿಂದ ಕುಡಿಯುತ್ತಿದ್ದಳು. ನಾನು ನಿಂತದ್ದು ಅವಳಿಗೆ ಕಂಡಿತ್ತು.

ಮೂರು ತಿಂಗಳು ಎಲ್ಲ ಸುಸೂತ್ರ. ನೀಲವ್ವನ ಕೈಯಲ್ಲಿ ಏನೋ ಗುಣವಿತ್ತು. ವರ್ಷಗಟ್ಟಲೆ ಮಲಗಿ ಮೈ ಜಡ್ಡುಗಟ್ಟಿ, ಈಗ ನಿಜವಾಗಿಯೇ ಕುಳಿತಲ್ಲಿಂದ ಏಳಲು ತ್ರಾಸ ಪಡುವ ಹಿರಿಯಮ್ಮನ ಬೆನ್ನಿಗೆ ಒಂದು ಕೈ, ಮೊಣಕೈಗೆ ಒಂದು ಕೈ ಕೊಟ್ಟು ಹೂವಿನ ಹಾಗೆ ಎಬ್ಬಿಸುತ್ತಿದ್ದಳು. ನಾನಾಗ ಆರು ತಿಂಗಳ ಬಸುರಿ. ನನಗೂ ಕೂಡುವುದು, ಏಳುವುದು, ಉಸಿರು ಬಿಡುವುದು ಹೇಗೆ ಅಂತ ಅವಳೇ ಕಲಿಸಿದಳು.

ಆಮೇಲೆ ಒಂದು ದಿನ ಬೀಸುತ್ತ ಕುಳಿತಾಗ ಬಟ್ಟೆ ಅಂಗಡಿಯವರ ಸೊಸೆ ಸುಮ್ಮನೆ ಮಾತಿಗೆ ಕೇಳಿದಳು: "ನೀಲವ್ವ, ನಿಮ್ಮದು ಯಾವ ಪೈಕಿ?"

ನೀಲವ್ವ ಕಲ್ಲು ನಿಲ್ಲಿಸಲಿಲ್ಲ. "ನಾವು ಬೌದ್ಧರ್ರಿ. ಹೋದ ವರ್ಷ ಆಗೇವಿ. ಅದಕ್ಕೂ ಮೊದಲ ನಮ್ಮನ್ನ ಊರ ಹೊರಗ ಇಟ್ಟಿದ್ರು," ಅಂದಳು.

ಅಂಗಳದಲ್ಲಿ ಒಂದೊಂದೇ ಕಲ್ಲು ನಿಂತಿತು. ಸೆರಗು ಸರಿಪಡಿಸಿಕೊಂಡು, ಒಬ್ಬೊಬ್ಬರೇ ಎದ್ದು ಹೋದರು. ಗೌರಕ್ಕ ಹೋಗುವಾಗ ನನ್ನ ಮುಖ ನೋಡಲಿಲ್ಲ.

ಮರುದಿನ ಟಾಂಗಾ ಖಾಲಿ ಬಂದು ಖಾಲಿ ಹೋಯಿತು. ಅದರ ಮರುದಿನವೂ ಅಷ್ಟೇ. ಮೂರನೆಯ ದಿನ ಬೆಲ್ಲದ ವ್ಯಾಪಾರಿ ನನ್ನ ಗಂಡನನ್ನು ಅಂಗಡಿಗೆ ಕರೆದು, "ನನಗೇನಿಲ್ಲಪಾ, ಮಂದಿ ಮಾತಾಡತಾರ. ಸಾಲಿ ಬಿಡಸ್ರಿ, ಇಲ್ಲಾಂದ್ರ ಮುಂದಿನ ತಿಂಗಳ ಬ್ಯಾರೆ ಮನಿ ನೋಡ್ಕೋರಿ," ಅಂದರಂತೆ. ಈ ಹೊಟ್ಟೆ ಹೊತ್ತುಕೊಂಡು ಎಲ್ಲಿಗೆ ಹೋಗುವುದು?

ನೀಲವ್ವನಿಗೂ ತಿಳಿಯಿತು. ತಂಬಿಗೆ, ಬುತ್ತಿ ಗಂಟು ಎತ್ತಿಕೊಂಡು, "ನಾ ಹೋಗತೇನ್ರಿ. ನನ್ನ ಸಲುವಾಗಿ ನಿಮ್ಮ ಧಂದೆ ಹಾಳಾಗೂದು ಬ್ಯಾಡ," ಅಂದಳು.

"ಪಾಳಿ ಮುಗಿದಿಲ್ಲ. ಮಾಸ್ತರ ಸಾಲಿ ಬಿಟ್ಟು ಹೋಗತಾರೇನು?" ಅಂದಳು ಅತ್ತಿ.

"ಸಾಲ್ಯಾಗ ಯಾರದಾರ್ರಿ?"

"ನಾ ಇದ್ದೇನಲ್ಲ! ಕೂಡು."

ಇಬ್ಬರೇ ಎದುರುಬದುರು ಕುಳಿತು ಬೀಸಿದರು. ಒಂದೇ ಗೂಟದ ಮೇಲೆ ಎರಡೂ ಕೈ. ಬೀಸಿದ್ದೇ ಬೀಸಿದ್ದು! ಮನೆಯ ಡಬ್ಬಿಗಳು ತುಂಬಿದವು, ಕೊಡಗಳು ತುಂಬಿದವು, ನನ್ನ ಮದುವೆಯ ಹೊಸ ಪಾತ್ರೆಗಳೂ ತುಂಬಿದವು. ನಾನು ರೊಟ್ಟಿ ಬಡಿದೂ ಬಡಿದೂ ಸಾಕಾದೆ. ನನ್ನ ಗಂಡ ಕಚೇರಿಗೆ ಕಾಗದದ ಬದಲು ಹಿಟ್ಟಿನ ಪೊಟ್ಟಣ ಒಯ್ದು ಹಂಚಿದ. ಓಣಿಯ ಆಕಳು ನಮ್ಮ ಬಾಗಿಲಿಗೇ ಬಿಡಾರ ಹೂಡಿತು. ನಗು ಬರುವಂಥದ್ದೇ, ಆದರೆ ಆ ಐದು ದಿನ ಮನೆಯಲ್ಲಿ ಯಾರೂ ನಗಲಿಲ್ಲ.

ಆರನೆಯ ದಿನ ಬೆಳಗ್ಗೆ ಹೊರಗೆ ಕೆಮ್ಮಿದ ಸದ್ದಾಯಿತು. ಬಾಗಿಲಲ್ಲಿ ಹಿರಿಯಮ್ಮ! ಊರಲ್ಲೆಲ್ಲ ಮಡಿಗೆ ಹೆಸರಾದ ಹಿರಿಯಮ್ಮ! ಹಿಂದೆ ಜೋಳದ ಬುಟ್ಟಿ ಹಿಡಿದು ಗೌರಕ್ಕ. ಹಿರಿಯಮ್ಮ ಅಂಗಳಕ್ಕೆ ಇಳಿದು ಬಂದು, ನೀಲವ್ವನ ಎದುರು ನಿಂತಳು.

"ಐದು ದಿನ ಆತು, ಕುಂತರ ಏಳಾಕ ಆಗವಲ್ದು," ಅಂದಳು. "ಈ ಗೌರಿ ಎಬ್ಬಸಾಕ ಬರತಾಳ, ನನ್ನ ತೋಳು ಕಿತ್ತು ತನ್ನ ಕೈಯಾಗ ಇಟ್ಕೋತಾಳ. ನೀ ಎಬ್ಬಿಸಿದಂಗ ಯಾರಿಗೂ ಬರೂದಿಲ್ಲ."

ನೀಲವ್ವ ಗೂಟ ಬಿಟ್ಟು ಕೈಯ ಹಿಟ್ಟು ಒರೆಸಿಕೊಂಡಳು. ಆಮೇಲೆ ಮೆಲ್ಲಗೆ, "ನಾ ಮುಟ್ಟಿದ್ರ ನಡೀತದೇನ್ರಿ?" ಅಂತ ಕೇಳಿದಳು. ಅವಳ ದನಿಯಲ್ಲಿ ಬೇಡಿಕೆ ಇರಲಿಲ್ಲ.

"ಮೂರು ತಿಂಗಳ ಮುಟ್ಟೀಯಲ್ಲ! ಮೈಲಿಗಿ ಆಗೂದಿದ್ರ ಆಗಿ ಹೋತು. ಇನ್ನ ಲಾಭಾನರ ಯಾಕ ಬಿಡ್ಲಿ?" ಅಂದಳು ಹಿರಿಯಮ್ಮ. ಬೆಲ್ಲದ ವ್ಯಾಪಾರಿಯ ತಾಯಿ ಅಲ್ಲವೇ! ಆದರೆ ಅಷ್ಟಕ್ಕೇ ಬಿಡಲಿಲ್ಲ. ದನಿ ಇಳಿಸಿ, "ತಪ್ಪಾತವ್ವಾ, ನಾವು ಹಂಗ ಎದ್ದು ಹೋಗಬಾರದಿತ್ತು," ಅಂದಳು. ನೀಲವ್ವ ಒಂದು ಗಳಿಗೆ ಅವಳನ್ನು ನೋಡಿದಳು, ಆಮೇಲೆ ಪಕ್ಕಕ್ಕೆ ಸರಿದು ಜಾಗ ಮಾಡಿದಳು. ಹಿರಿಯಮ್ಮ ಕುಳಿತು, ನನ್ನ ಕಡೆ ತಿರುಗಿ, "ನನ್ನ ಮಗ ಮನಿ ಬಿಡ ಅಂದಾನಂತಲ್ಲ? ವಾಡೆ ನನ್ನ ಹೆಸರಿಲೆ ಐತಿ. ಇಲ್ಲೇ ಹಡಿ, ಇಲ್ಲೇ ಇರು," ಅಂದಳು. ಮಧ್ಯಾಹ್ನದ ಪಾಳಿಗೆ ಮತ್ತೆ ನಾಲ್ವರು ಬಂದರು, ವಾರದಲ್ಲಿ ಹೆಚ್ಚುಕಡಿಮೆ ಎಲ್ಲರೂ. ಬಟ್ಟೆ ಅಂಗಡಿಯ ಸೊಸೆ ಮತ್ತು ಇನ್ನಿಬ್ಬರು ಮಾತ್ರ ಬರಲೇ ಇಲ್ಲ. ಸಾಲಿ ಆಮೇಲೆ ಎಷ್ಟೋ ವರ್ಷ ನಡೆಯಿತು.

ಆದರೆ ನಾನು ಹೇಳಬೇಕೆಂದಿರುವುದು ಆ ಬೆಳಗಿನ ಮಾತು. ಕಲ್ಲು ತಿರುಗಲು ಶುರುವಾದದ್ದೇ ಅತ್ತಿ ಅಂಗಳದಲ್ಲಿ ಕಾಣಲಿಲ್ಲ. ಗೆದ್ದ ಖುಷಿಗೆ ಚಹಾ ಇಡಲು ಹೋಗಿರಬೇಕು ಅಂತ ಒಳಗೆ ಹೋದೆ. ಅಡಿಗೆಮನೆಯ ಗೋಡೆಗೆ ಮುಖ ಮಾಡಿ ನಿಂತಿದ್ದಳು. ಭುಜ ಅಲುಗುತ್ತಿತ್ತು. ಅಲ್ಲಿಯವರೆಗೆ ನಾನು ಅವಳನ್ನು ಹಾಗೆ ಕಂಡಿರಲಿಲ್ಲ.

"ಯಾಕ್ರಿ ಅತ್ತಿ? ಎಲ್ಲಾ ಸರಿ ಆತಲ್ರಿ."

ಅತ್ತಿ ಗೋಡೆಗೇ ಹೇಳುವಂತೆ ಹೇಳಿದಳು: "ಇವತ್ತೂ ಯಾರೂ ಬರಲಿಲ್ಲಂದ್ರ, ಪಾಳಿ ಮುಗದ ಮ್ಯಾಲ ನೀಲವ್ವಗ ನಾಳಿಂದ ಬರಬ್ಯಾಡ ಅನ್ನೂದಂತ ಮಾಡಿದ್ದೆ. ನಿನ್ನ ಹೊಟ್ಟಿ ನೋಡಿ ನನಗ ಧೈರ್ಯ ಸಾಲಲಿಲ್ಲ ಬೇ."

ನೀಲವ್ವನನ್ನು ಕಳಿಸಿಬಿಡಿ ಅಂತ ಕೇಳಿಕೊಳ್ಳಬೇಕೆಂದು ನಾನೂ ಎರಡು ದಿನದಿಂದ ಅವಳ ಹಿಂದೆ ಮುಂದೆ ಸುಳಿದಾಡಿದ್ದೆ. ಆ ಮಾತು ಬಾಯಿಯವರೆಗೆ ಬಂದು ನಿಂತಿತ್ತು. ಅದನ್ನೂ ಹೇಳಿಬಿಟ್ಟೆ. ಅತ್ತಿ ತಿರುಗಿ ನನ್ನನ್ನು ನೋಡಿದಳು, ಬೈಯಲಿಲ್ಲ.

"ಆದ್ರ ಅನಲಿಲ್ಲಲ್ರಿ, ಅತ್ತಿ," ಅಂದೆ.

"ಅನಲಿಲ್ಲ," ಅಂದಳು. ಸೆರಗಿನಿಂದ ಮುಖ ಒರೆಸಿಕೊಂಡು, ತನಗೇ ನಂಬಿಕೆ ಬಾರದವಳ ಹಾಗೆ ಮತ್ತೊಮ್ಮೆ, "ಅನಲಿಲ್ಲ ನೋಡು," ಅಂದಳು. ಅಂದು, ಚಿಕ್ಕ ಹುಡುಗಿಯ ಹಾಗೆ ನನ್ನ ಹೆಗಲ ಮೇಲೆ ತಲೆಯಿಟ್ಟಳು.